ಕೋಡಿನ ಮಡಿವಂತರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮಲ್ಲಿ ಅವರಿಗೆ ಮಡಿವಂತರು ಎಂದೇ ಹೆಸರು. ಮಧ್ಯಾಹ್ನ ಯಾರ ಡಬ್ಬಿಗೆ ಬೇಕಾದರೂ ಕೈ ಹಾಕುತ್ತಾರೆ, ಮಡಿಯೇನಿದ್ದರೂ ಕೋಡಿನಲ್ಲಿ. ಟ್ಯಾಬ್ ಮೈಲಿಗೆ, ನಾಲ್ಕು ಸ್ಪೇಸ್ ಶುದ್ಧ. ಸಾಲು 79 ಅಕ್ಷರ ದಾಟಬಾರದೆಂದು ಪೈಥಾನಿನವರು 2001ರ ಪೆಪ್ 8ರಲ್ಲೇ ಬರೆದಿಟ್ಟಿದ್ದಾರೆ ಎನ್ನುತ್ತಾರೆ, ಪಂಚಾಂಗ ನೋಡಿ ಬಂದವರ ಗತ್ತಿನಲ್ಲಿ. ನಿಯಮ ಪಾಲಿಸಲಿಕ್ಕೆಂದೇ ಹಳೆಯ ಹೊಂದಾಣಿಕೆ ಮುರಿಯಬೇಡಿ ಎಂದೂ ಅದರಲ್ಲೇ ಇದೆ. ಆ ಸಾಲು 79ರೊಳಗೇ ಇದ್ದರೂ ಅವರ ಕಣ್ಣಿಗೆ ಬಿದ್ದಿಲ್ಲ.

ಸೇರಿದ ಎರಡನೇ ವಾರಕ್ಕೇ ನಮ್ಮ ಹತ್ತು ವರ್ಷದ ಪ್ರಾಜೆಕ್ಟಿಗೆ ಫ್ಲೇಕ್8 ಎಂಬ ಲಿಂಟರ್ ಹಾಕಿದರು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಕೋಡಿನ ತಪ್ಪು ಹೆಕ್ಕಲು ಬರೆದ ಲಿಂಟ್‌ಗೆ ಬಟ್ಟೆಗಂಟುವ ನೂಲಿನ ಜುಂಗಿನ ಹೆಸರು. "ನಮ್ಮದ್ರಲ್ಲಿ ಜುಂಗು ಹೆಕ್ಕಿದ್ರೆ ಬಟ್ಟೇನೇ ಉಳಿಯಲ್ಲ ಕಣ್ರೀ" ಎಂದರು, ಮೊದಲ ದಿನದಿಂದ ಆ ಪ್ರಾಜೆಕ್ಟನ್ನು ಸಾಕಿದ ಸೀನಿಯರ್ ಮೇಡಂ. ಕೇಳಬೇಕಲ್ಲ! ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಎಚ್ಚರಿಕೆಗಳ ತೇರು ಸಾಗುತ್ತಲೇ ಇತ್ತು.

ಮರುದಿನದಿಂದ ಆ ಎಚ್ಚರಿಕೆಗಳು ತೀರದೆ ಯಾರ ಕೋಡೂ ಒಳಗೆ ಹೋಗದು. "ಹಳೇದನ್ನ ಬೇಸ್‌ಲೈನ್ ಮಾಡಿ, ಹೊಸ ಸಾಲಿಗಷ್ಟೇ ಹಚ್ಚೋಣ ಸಾರ್" ಎಂದ ಹೊಸ ಹುಡುಗ.

"ಅರ್ಧ ಮಡಿ ಅಂತ ಎಲ್ಲಾದ್ರೂ ಇದ್ಯೇನಪ್ಪ?"

ಹುಡುಗರು ಕಳ್ಳದಾರಿ ಹಿಡಿದರು. ಸಾಲಿನ ಕೊನೆಗೆ ನೋಕ್ಯೂಎ ಎಂದು ಕಾಮೆಂಟ್ ಹಾಕಿದರೆ ಫ್ಲೇಕ್8 ಅತ್ತ ತಿರುಗಿಯೂ ನೋಡದು. ವಾರದೊಳಗೆ ಅದು ಕೋಡಿನ ತುಂಬ ಗರಿಕೆಯಂತೆ ಹಬ್ಬಿತು. ರೇಗಿದ ಮಡಿವಂತರು ಶುಕ್ರವಾರ ಸಂಜೆ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ಓಡಿಸಿ, ಒಂದೇ ಕಮಿಟ್ಟಿನಲ್ಲಿ ಇಡೀ ಪ್ರಾಜೆಕ್ಟಿಗೆ ಅಭ್ಯಂಜನ ಮಾಡಿಸಿದರು. ಬ್ಲ್ಯಾಕ್ 88 ಅಕ್ಷರದವರೆಗೂ ಬಿಡುತ್ತದೆ, ಫ್ಲೇಕ್8 79ಕ್ಕೇ ತಕರಾರು ತೆಗೆಯುತ್ತದೆ. ಎರಡು ಮಠಗಳಿಗೆ ರಾಜಿ ಮಾಡಿಸಿ ಮನೆಗೆ ಹೋದಾಗ ಒಂಬತ್ತು ಗಂಟೆ.

ರಾತ್ರಿ ಒಂದೂವರೆಗೆ ಪೇಮೆಂಟ್ ಕೆಟ್ಟು ನಿಂತಿತು. ಪಾಳಿಯಲ್ಲಿದ್ದ ಹುಡುಗ ಯಾವ ಸಾಲು ಯಾರದೆಂದು ತಿಳಿಯಲು ಗಿಟ್ ಬ್ಲೇಮ್ ಕೊಟ್ಟು ನೋಡಿದ. ಯಾರ್ಯಾರೋ ಎಂದೆಂದೋ ಬರೆದ ಸಾಲುಗಳ ಮುಂದೆಲ್ಲ ಈಗ ಒಂದೇ ಹೆಸರು.

"ಸಾರ್, ಇದು ನೀವು ಬರ್ದಿದ್ದಲ್ವಾ?"

"ಅಯ್ಯೋ, ನಾನು ಬರೀ ಕಂಸ ಸರಿ ಮಾಡಿದ್ದು ಕಣಪ್ಪಾ!"

ಭಾನುವಾರವೂ ಅದೇ ಫೋನು, ಅದೇ ಉತ್ತರ.

ಇಂಥ ಕಮಿಟ್ಟನ್ನು ಬ್ಲೇಮ್ ಲೆಕ್ಕಕ್ಕೆ ಹಿಡಿಯದಂತೆ ಒಂದು ಫೈಲಿನಲ್ಲಿ ಬರೆದಿಡುವ ಅನುಕೂಲ 2019ರ ಗಿಟ್ 2.23ರಿಂದ ಇದೆ. ಆದರೆ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಅದನ್ನು ಹೊಂದಿಸಬೇಕು. ಸೋಮವಾರದಿಂದ ಮಡಿವಂತರು ಮೇಜಿಂದ ಮೇಜಿಗೆ ಅಲೆಯುತ್ತಿದ್ದಾರೆ. ಮೇಡಂ ಮಾತ್ರ ನಾಳೆ ನೋಡೋಣ ಎನ್ನುತ್ತಾರೆ. ಹತ್ತು ವರ್ಷದಲ್ಲಿ ಈಗಷ್ಟೇ ಅವರಿಗೆ ರಾತ್ರಿ ಫೋನು ಬರುವುದು ನಿಂತಿದೆ.