ಜ್ವರಪರೀಕ್ಷಕ ರಾಯರು

ಬೀದಿಗೊಬ್ಬರಂತೆ ಇರುವ ಈ ಮಹನೀಯರನ್ನು ಓದುಗರು ಬಲ್ಲರು. ವೈದ್ಯಶಾಸ್ತ್ರದ ಗಂಧಗಾಳಿಯಿಲ್ಲದೆಯೂ, ಕೋಟಿನ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಒಂದು ಥರ್ಮಾಮೀಟರನ್ನು ಸಿಕ್ಕಿಸಿಕೊಂಡು, ನೆರೆಹೊರೆಯಲ್ಲಿ ಯಾರಾದರೂ ಸೀನಿದ ಸದ್ದು ಕಿವಿಗೆ ಬಿದ್ದೊಡನೆ ಕರೆಯದೆಯೇ ದಯಮಾಡಿಸಿ, ರೋಗಿಯ ಕ್ಷೇಮಕ್ಕಿಂತ ರೋಗದ ನಾಮಧೇಯದಲ್ಲಿಯೇ ಅಧಿಕ ಆಸಕ್ತಿಯನ್ನು ತೋರುವ ಇಂಥ ಪುಣ್ಯಾತ್ಮರ ಪೈಕಿ ನಮ್ಮ ಬೀದಿಯ ನಿವೃತ್ತ ಶಿರಸ್ತೇದಾರ ರಾಯರು ಅಗ್ರಗಣ್ಯರು. 1918ರಲ್ಲಿ ಇನ್‌ಫ್ಲುಯೆಂಜಾ ಮೈಸೂರು ಸೀಮೆಯಲ್ಲಿ ಮೃತ್ಯುರೂಪವಾಗಿ ಸುಳಿದುದನ್ನು ಅವರು ಹುಡುಗರಾಗಿ ಕಂಡವರು. 1957ರಲ್ಲಿ ಅದೇ ವ್ಯಾಧಿ ಹಡಗೇರಿ ಮದರಾಸಿನ ಬಂದರಿಗೆ ಬಂದಿಳಿದ ವರ್ಷವೇ ಅವರಿಗೆ ಪಿಂಚಣಿಯಾಯಿತು. ನಡುವಣ ಅನುಭವವೆಲ್ಲ ಕಚೇರಿಯದೇ ಆದುದರಿಂದ ರೋಗಿಯನ್ನು ವಿಚಾರಿಸುವ ಕ್ರಮವೂ ಕಚೇರಿಯದೇ.

"ಎಷ್ಟು ಗಂಟೆಗೆ ಶುರುವಾಯಿತು?" ಎಂಬುದು ಪ್ರಥಮ ಪ್ರಶ್ನೆ. ಬೆಳಗ್ಗೆ ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೋದವನು ಮಧ್ಯಾಹ್ನದ ಹೊತ್ತಿಗೆ ಚಳಿಯಿಂದ ನಡುಗಿ, ಸಂಜೆಯೊಳಗೆ 102 ಡಿಗ್ರಿ ಜ್ವರವೇರಿ, ತಲೆ ಸಿಡಿದು, ಮೈಕೈಯೆಲ್ಲ ಒನಕೆಯಿಂದ ಕುಟ್ಟಿದಂತಾಗಿ, ಒಣಕೆಮ್ಮು ಹತ್ತಿ, ಎದ್ದು ನೀರು ಕುಡಿಯುವ ತ್ರಾಣವೂ ಇಲ್ಲದೆ ಬಿದ್ದುಕೊಂಡರೆ ಅದು ಇನ್‌ಫ್ಲುಯೆಂಜಾ. ಇಂದು ಗಂಟಲು ಕೆರೆದು, ನಾಳೆ ಮೂಗು ಸೋರಿ, ನಾಡಿದ್ದು ಸೀನು ಹತ್ತಿ, ಕಂತುಕಂತಾಗಿ ಬರುವುದು ಬರಿಯ ನೆಗಡಿ. ಈ ವಿವೇಚನೆ ಬಹುಮಟ್ಟಿಗೆ ಸರಿಯೆಂದು ಡಾಕ್ಟರರೂ ಒಪ್ಪುವರೆಂಬುದೇ ನಮ್ಮ ದೌರ್ಭಾಗ್ಯ. ತಪ್ಪಾಗಿದ್ದರೆ ರಾಯರನ್ನು ಎಂದೋ ಬಾಗಿಲಲ್ಲಿಯೇ ತಡೆಯಬಹುದಾಗಿತ್ತು.

ನೆಗಡಿಯೆಂದು ತೀರ್ಮಾನವಾದರೆ ಅವರ ಮುಖ ಬಾಡುತ್ತದೆ. "ಇಷ್ಟಕ್ಕೇ ಮಲಗಿಬಿಟ್ಟೆಯೇನಯ್ಯ?" ಎಂದು ರೋಗಿಯ ಕಂಬಳಿಯನ್ನೇ ಸರಿಸಿಬಿಡುತ್ತಾರೆ. ಇನ್‌ಫ್ಲುಯೆಂಜಾ ಎಂದಾಯಿತೋ, ಅವರ ಉಲ್ಲಾಸಕ್ಕೆ ಮೇರೆಯಿಲ್ಲ: ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಂಡು, 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೆ ಈ ರೋಗವನ್ನು ಅಂಟಿಸಿ ಅದರ ವೈರಸ್ಸನ್ನು ಪತ್ತೆಹಚ್ಚಿದ ಕಥೆಯನ್ನೂ, ಅಂಥದೊಂದು ಪ್ರಾಣಿ ಮುಖದ ಮೇಲೆಯೇ ಸೀನಿ ವಿಜ್ಞಾನಿಯನ್ನೇ ಹಾಸಿಗೆ ಹಿಡಿಸಿದ ಉಪಕಥೆಯನ್ನೂ ವಿಸ್ತರಿಸುತ್ತಾರೆ. ಜ್ವರ ನಾಲ್ಕೈದು ದಿನಕ್ಕೆ ಬಿಟ್ಟರೂ ಕೆಮ್ಮು ಎರಡು ವಾರ ಬಿಡದೆಂದೂ, ಪೆನಿಸಿಲಿನ್ ಇದರ ಮುಂದೆ ನಡೆಯದೆಂದೂ, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕೆಂದೂ ಹೇಳಿ ಮುಗಿಸುವಷ್ಟರಲ್ಲಿ ರೋಗಿ ನಿದ್ರೆ ಹೋಗಿರುತ್ತಾನೆ. ಅವರ ಚಿಕಿತ್ಸೆಯಿಂದ ದೊರೆಯುವ ನಿಜವಾದ ಉಪಶಮನ ಅದೊಂದೇ.

ಕಳೆದ ಮಾಗಿಯಲ್ಲಿ ರಾಯರೇ ಮಲಗಿದರು. ಎರಡು ರಗ್ಗು ಹೊದ್ದು, ಕ್ಷೀಣಸ್ವರದಲ್ಲಿ, ಆದರೆ ಏನೋ ಬಡ್ತಿ ದೊರೆತವರ ಗಾಂಭೀರ್ಯದಿಂದ, "ಇನ್‌ಫ್ಲುಯೆಂಜಾ" ಎಂದು ಸಾರಿದರು. ಮೆಣಸಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅವರ ಧರ್ಮಪತ್ನಿ ಅಡುಗೆಮನೆಯಿಂದಲೇ, "ಎಷ್ಟು ಗಂಟೆಗೆ ಶುರುವಾಯ್ತು ಅಂದ್ರಿ?" ಎಂದರು.

ರಾಯರು ಬಹಳ ಹೊತ್ತು ಆಲೋಚಿಸಿ, ಭಾನುವಾರ ಗಂಟಲು, ಸೋಮವಾರ ಮೂಗು ಎಂದು ಲೆಕ್ಕ ಒಪ್ಪಿಸತೊಡಗಿದರು. ಥರ್ಮಾಮೀಟರಿನ ಪಾದರಸವೂ 98.4ನ್ನು ಬಿಟ್ಟು ಮೇಲಕ್ಕೆ ಕದಲಿರಲಿಲ್ಲ.

"ಹಾಗಾದ್ರೆ ಏಳಿ," ಎಂದರು ಆಕೆ, "ಬಿಸಿಲಿರೋವಾಗ್ಲೇ ಸೌದೆ ಡಿಪೋಗೆ ಹೋಗಿಬನ್ನಿ."