ಸಂದೇಶದೋಷನಿರ್ಣಯ ಅಥವಾ ವಾಟ್ಸ್ಆ್ಯಪ್ ಮುಜುಗರ ಮೀಮಾಂಸೆ

ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಕನ್ನಡಕ್ಕೆ ಸಂಸ್ಕೃತವನ್ನು ಕಂಡಕಂಡಂತೆ ಸಮಾಸ ಮಾಡಿದರೆ ಕಿವಿಗೆ ಎಷ್ಟು ಕರ್ಕಶ ಎಂಬುದೆಲ್ಲ ಅಲ್ಲಿ ಚರ್ಚೆಯಾಗಿದೆ. ಆದರೆ ರಾತ್ರಿ ಹನ್ನೊಂದೂವರೆಗೆ ಅಪಾರ್ಟ್‌ಮೆಂಟ್ ಮಾಲೀಕರ ಗ್ರೂಪಿಗೆ 'ಮಲಗಿದ್ಯಾ ಬಂಗಾರಿ?' ಎಂದು ಕಳಿಸುವುದು ಯಾವ ದೋಷದ ಪ್ರಭೇದ ಎಂಬ ವಿಷಯದಲ್ಲಿ ಗ್ರಂಥಕರ್ತ ಶ್ರೀವಿಜಯ ಮೌನಿ. ಅವನ ಕಾಲಕ್ಕೆ ಅದು ಕ್ಷಮ್ಯ. 2009ರಲ್ಲಿ ವಾಟ್ಸ್ಆ್ಯಪ್ ಅವತರಿಸಿದ ಮೇಲಾದರೂ ನಮ್ಮ ಪಂಡಿತರು ಎಚ್ಚೆತ್ತುಕೊಳ್ಳಬೇಕಿತ್ತು. ಅವರು ಫಾರ್ವರ್ಡ್ ಮಾಡುವುದರಲ್ಲಿ ನಿರತರಾದರು. ಕನ್ನಡ ನಾಡಿನವರು ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಹೊಗಳಿದ ಗ್ರಂಥ 'ಕವಿರಾಜಮಾರ್ಗ'. ಓದದೆಯೇ ಮುಂದಕ್ಕೆ ಕಳಿಸುವ ಇಂದಿನ ಪರಿಣತಿಯನ್ನು ಕಂಡರೆ ಆ ಮಾತಿನ ದೂರದೃಷ್ಟಿಗೆ ತಲೆದೂಗಲೇಬೇಕು. ಅದೇನೇ ಇರಲಿ, ಕಳಿಸಲಿರುವ ಸಂದೇಶ ಮುಜುಗರ ತರುತ್ತದೋ ಇಲ್ಲವೋ ಎಂದು ಕಳಿಸುವ ಮುನ್ನವೇ ನಿರ್ಣಯಿಸುವ ಶಾಸ್ತ್ರ ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಅದನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ.

ಮೊದಲು ಲಕ್ಷಣ. 'ಕಾಗುಣಿತ ತಪ್ಪಿದ ಸಂದೇಶವೇ ಮುಜುಗರದ ಸಂದೇಶ' ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ. ನಾಡಿನ ಸಮಸ್ತ ಗ್ರೂಪುಗಳೂ ಈ ಲಕ್ಷಣದ ಬಲೆಗೆ ಬೀಳುತ್ತವೆ. 'ಅಶ್ಲೀಲವಾದದ್ದು' ಎಂದರೆ ಅವ್ಯಾಪ್ತಿ. ಬಂಗಾರಿಯ ನಿದ್ರೆಯನ್ನು ವಿಚಾರಿಸುವುದರಲ್ಲಿ ಅಶ್ಲೀಲದ ಲವಲೇಶವೂ ಇಲ್ಲ. 'ಅರ್ಥವಾಗದ್ದು' ಎಂದರೆ ಅಸಂಭವ. ಮುಜುಗರ ಹುಟ್ಟುವುದೇ ಎಲ್ಲರಿಗೂ ಚೆನ್ನಾಗಿ ಅರ್ಥವಾದಾಗ. ಹಾಗಾದರೆ ದೋಷ ಶಬ್ದದಲ್ಲಿಲ್ಲ, ಅರ್ಥದಲ್ಲೂ ಇಲ್ಲ. ಇಲ್ಲಿ ನೆರವಿಗೆ ಬರುವವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ಯಾರು ತಾನೇ ನಗುವುದಿಲ್ಲ ಎಂದು ಕೇಳಿ, ಔಚಿತ್ಯವೇ ಕಾವ್ಯದ ಜೀವ ಎಂದು ಸಾಧಿಸಿದವನು ಅವನು. ಡಾಬಿನಲ್ಲಿ ಕುಂದಿಲ್ಲ, ಹಾರದಲ್ಲೂ ಇಲ್ಲ, ಕುಂದಿರುವುದು ತೊಟ್ಟ ಜಾಗದಲ್ಲಿ. ಅದೇ ನ್ಯಾಯದಂತೆ ನಮ್ಮ ಲಕ್ಷಣ ಹೀಗೆ: ಬರೆಯುವಾಗ ಮನಸ್ಸಿನಲ್ಲಿದ್ದ ಓದುಗನಿಗೂ ಬರೆದದ್ದನ್ನು ನಿಜವಾಗಿ ಓದುವವನಿಗೂ ನಡುವೆ ಇರುವ ಅಂತರವೇ ಮುಜುಗರ. ಬಂಗಾರಿ ಒಬ್ಬಳೇ ಓದಿದರೆ ಅದು ಶೃಂಗಾರ. ಸಂಪಿನ ನೀರಿಗೆ ಕಾಯುತ್ತಿರುವ ಎಂಬತ್ತು ಮನೆಯವರು ಓದಿದರೆ ಹಾಸ್ಯ. ಬಂಗಾರಿ ಮನೆಯಾಕೆಯ ಹೆಸರಲ್ಲ ಎಂದು ಮೂರನೆಯ ಮಹಡಿಯವರಿಗೆ ಗೊತ್ತಿದ್ದರೆ ರೌದ್ರ.

ಈ ಅಂತರವನ್ನು ಅಳೆಯಲು ಬರೆದವನೇ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಲದು. ನಾಟ್ಯಶಾಸ್ತ್ರಕಾರ ಭರತನ ಕಾಲದಿಂದಲೂ ದನಿಯ ಏರಿಳಿತಕ್ಕೆ 'ಕಾಕು' ಎಂಬ ಹೆಸರುಂಟು. 'ಭಾರಿ ಬುದ್ಧಿವಂತ ನೀನು' ಎಂಬ ಮಾತು ಹೊಗಳಿಕೆಯೋ ಕುಟುಕೋ ಎಂದು ತಿಳಿಯುವುದು ಕಾಕುವಿನಿಂದಲೇ. ಬರೆದ ಸಂದೇಶದಲ್ಲಿ ಕಾಕು ಇರುವುದಿಲ್ಲ, ಆದರೆ ಬರೆದವನ ತಲೆಯೊಳಗೆ ಅದು ಮೊಳಗುತ್ತಲೇ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಬಯಲಾಯಿತು. ತಾವು ಇಮೇಲಿನಲ್ಲಿ ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುವವರು ನೂರಕ್ಕೆ ಸುಮಾರು 78 ಸಲ ಸರಿಯಾಗಿ ಹಿಡಿಯುತ್ತಾರೆಂದು ಬರೆದವರು ನಂಬಿದ್ದರು. ಹಿಡಿದದ್ದು ಸುಮಾರು 56 ಸಲ. ಓದದೆ ನಾಣ್ಯ ಚಿಮ್ಮಿದ್ದರೂ 50 ಸಲ ಸರಿಹೋಗುತ್ತಿತ್ತು. ಕಾಕುವಿನ ಈ ಕೊರತೆಗೆ ಮದ್ದಾಗಿ ಅದಕ್ಕೂ ಎಷ್ಟೋ ಮುಂಚೆ, 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ತಮಾಷೆಯ ಮಾತಿನ ಕೊನೆಗೆ ನಗುವ ಗುರುತು ಹಾಕಿರೆಂದು ಸೂಚಿಸಿದರು. ಅಲ್ಲಿಂದ ಕೃತಕ ಕಾಕುವಿನ ಯುಗ. ಆದರೆ ಮದ್ದಿನಿಂದಲೇ ಹೊಸ ರೋಗ ಹುಟ್ಟಿತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ಕಣ್ಣೀರು ಬರುವಷ್ಟು ನಗುವ ಎಮೋಜಿಯನ್ನು. ನಗುವನ್ನು ಬಿಟ್ಟು ಕಣ್ಣೀರನ್ನಷ್ಟೇ ನೋಡಿದ ಹಿರಿಯರು ಅದನ್ನು ಶ್ರದ್ಧಾಂಜಲಿಯ ಕೆಳಗೆ ಸಾಲಾಗಿ ಐದು ಇಟ್ಟಾಗ, ಕರುಣ ಹಾಸ್ಯಗಳು ಏಕಕಾಲದಲ್ಲಿ ನಿಷ್ಪನ್ನವಾಗಲಾರವು ಎಂಬ ಆಲಂಕಾರಿಕರ ಗೊಣಗಾಟಕ್ಕೆ ಬೆಲೆಯೇ ಉಳಿಯಲಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: 'ಇಷ್ಟೆಲ್ಲ ಶಾಸ್ತ್ರ ಏಕೆ? ಕಳಿಸಿ, ಕೆಟ್ಟಿತು ಅನ್ನಿಸಿದರೆ ಅಳಿಸಿದರಾಯಿತು.' ನಿಜ, ಎಲ್ಲರಿಗೂ ಅಳಿಸುವ ಸೌಲಭ್ಯ 2017ರಲ್ಲೇ ಬಂತು. ಮೊದಲು ಏಳು ನಿಮಿಷವಿದ್ದ ಪಶ್ಚಾತ್ತಾಪದ ಗಡುವು ಮುಂದೆ ಒಂದು ಗಂಟೆ ದಾಟಿ, 2022ರಲ್ಲಿ ಎರಡು ದಿನಕ್ಕೂ ಮಿಕ್ಕಿ ಬೆಳೆಯಿತು. ಆದರೆ ಪೂರ್ವಪಕ್ಷಿ ನ್ಯಾಯ ವೈಶೇಷಿಕರನ್ನು ಓದಿಲ್ಲ. ಅವರ ಪ್ರಕಾರ ಅಭಾವವೂ ಒಂದು ಪದಾರ್ಥ. ಅದರಲ್ಲಿ ಪ್ರಧ್ವಂಸಾಭಾವ, ಅಂದರೆ ಇದ್ದ ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆಗೆ, ಆದಿಯುಂಟು, ಅಂತ್ಯವಿಲ್ಲ. ಮಡಕೆ ಒಡೆದ ಮೇಲೆ ಅದರ ಇಲ್ಲದಿರುವಿಕೆ ಶಾಶ್ವತ. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಇದೇ ಪ್ರಧ್ವಂಸಾಭಾವ ಕಣ್ಣಿಗೆ ಕಾಣುವಂತೆ ಮೈದಾಳಿದ ರೂಪ. ಸಂದೇಶ ನಶ್ವರ, ಅದು ಅಳಿಸಿಹೋದ ಸುದ್ದಿ ಅವಿನಾಶಿ. ಇನ್ನು ಧ್ವನಿವಾದಿ ಆನಂದವರ್ಧನನನ್ನು ಕೇಳಿದರೆ, ಹೇಳಿದ್ದಕ್ಕಿಂತ ಹೇಳದೆ ಹೊಳೆಯುವುದೇ ಮೇಲು. ಬಂಗಾರಿಯ ನಿದ್ರೆಯ ವಿಚಾರ ಕಣ್ಣೆದುರು ಇದ್ದಿದ್ದರೆ ಅದು ಬರೀ ವಾಚ್ಯಾರ್ಥ. ಅಳಿಸಿದ ಮೇಲೆ ಅದು ಉತ್ತಮ ಧ್ವನಿಕಾವ್ಯ, ಎಂಬತ್ತು ಮನೆಯಲ್ಲಿ ಎಂಬತ್ತು ಬಗೆಯ ವ್ಯಾಖ್ಯಾನ. 2023ರಲ್ಲಿ ಬಂದ ತಿದ್ದುವ ಸೌಲಭ್ಯದ ಹಣೆಬರಹವೂ ಇದೇ. ಹದಿನೈದು ನಿಮಿಷದೊಳಗೆ ತಿದ್ದಬಹುದು, ತಿದ್ದಿದ್ದೆಂಬ ಗುರುತನ್ನು ತಿದ್ದಲಾಗದು.

ಸೋತ ಪೂರ್ವಪಕ್ಷಿ ಪಟ್ಟು ಬದಲಿಸುತ್ತಾನೆ: 'ಜನಕ್ಕೆ ಅವರವರದೇ ಚಿಂತೆ, ನಿನ್ನ ಸಂದೇಶವನ್ನು ಯಾರು ಗಮನಿಸುತ್ತಾರೆ?' ಇದಕ್ಕೆ ಅವನ ಕೈಯಲ್ಲಿ ಪ್ರಮಾಣವೂ ಇದೆ. 2000ದಲ್ಲಿ ಪ್ರಕಟವಾದ ಕಾರ್ನೆಲ್‌ನ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಗಾಯಕ ಬ್ಯಾರಿ ಮ್ಯಾನಿಲೋ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ಇತರರಿದ್ದ ಕೋಣೆಗೆ ಕಳಿಸಿದರು. ನಾಚಿಕೆಯಿಂದ ಕುಗ್ಗಿದ ಆ ವಿದ್ಯಾರ್ಥಿಗಳು, ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಮಂದಿ ಆ ಚಿತ್ರವನ್ನು ಗುರುತಿಸಿದ್ದಾರೆಂದು ಎಣಿಸಿದರು. ಗುರುತಿಸಿದ್ದು ಹೆಚ್ಚುಕಡಿಮೆ ಕಾಲುಭಾಗ ಮಾತ್ರ. ವಾದ ಗಟ್ಟಿಯೇ, ಆದರೆ ಲೆಕ್ಕ ಮುಗಿಸಬೇಕು. 2022ರಲ್ಲಿ ಗ್ರೂಪಿನ ಮಿತಿ 1024 ಮಂದಿಗೆ ಏರಿತು. ಅದರ ಕಾಲುಭಾಗ 256. ಅದೇ ವರ್ಷದವರೆಗೆ ಇಡೀ ಗ್ರೂಪಿನ ಮಿತಿ ಇದ್ದದ್ದೂ ಅಷ್ಟೇ. ಮುಕ್ಕಾಲು ಜನ ಗಮನಿಸದಿದ್ದರೂ ಹಳೆಯ ಲೆಕ್ಕದ ತುಂಬಿದ ಸಭೆಯಲ್ಲಿ ಮಾನ ಹೋದ ಹಾಗೆಯೇ ಆಯಿತು. ಮೇಲಾಗಿ ಟಿ-ಶರ್ಟ್ ತೊಟ್ಟವನು ಕೋಣೆಯಿಂದ ಎದ್ದು ಹೋಗಬಹುದು. ಸಂದೇಶ ಅಲ್ಲೇ ಕೂತಿರುತ್ತದೆ, ಸ್ಕ್ರೀನ್‌ಶಾಟ್ ಆಗಿ ಊರೂರು ತಿರುಗುತ್ತದೆ, ಗಮನಿಸದ ಮುಕ್ಕಾಲು ಜನಕ್ಕೆ ಗಮನಿಸಿದ ಕಾಲುಭಾಗದವರು 'ನೋಡಿದ್ರಾ?' ಎಂದು ಫೋನ್ ಮಾಡಿ ಹೇಳುತ್ತಾರೆ.

ಇನ್ನು ಸಿದ್ಧಾಂತ. ನಮ್ಮ ಕಾವ್ಯಮೀಮಾಂಸೆ ನಿಂತಿರುವುದು ಸಹೃದಯನ ಮೇಲೆ. ಕವಿಯ ಭಾವಕ್ಕೆ ತನ್ನ ಭಾವವನ್ನು ಶ್ರುತಿಗೂಡಿಸಿಕೊಳ್ಳುವ ಓದುಗನ ಮೇಲೆ. ಸಂದೇಶ ಬರೆಯುವವರೆಲ್ಲ ಎಡವುವುದು ಇಲ್ಲೇ. ಗ್ರೂಪಿನ ಪ್ರತಿ ಸದಸ್ಯನೂ ಸಹೃದಯನೆಂದು ನಂಬಿ ಬರೆಯುತ್ತಾರೆ. ಆದ್ದರಿಂದ ಸಂದೇಶಶಾಸ್ತ್ರ ಅರಸಿಕನನ್ನು ಪ್ರಮಾಣವಾಗಿ ಒಪ್ಪಬೇಕು. ವಿಧಿ ಇಷ್ಟೇ: ಕಳಿಸುವ ಮುನ್ನ ಗ್ರೂಪಿನಲ್ಲಿ ನಮ್ಮನ್ನು ಕಂಡರಾಗದ ಒಬ್ಬರನ್ನು ಆರಿಸಿಕೊಂಡು, ಅವರು ಇದನ್ನು ತಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿರುವುದನ್ನು ಕಲ್ಪಿಸಿಕೊಳ್ಳಬೇಕು. ಆ ದನಿಯಲ್ಲೂ ಕೆಡದೆ ಉಳಿದ ಮಾತು ನಿರ್ದೋಷ. ಹೀಗೆ ಜರಡಿ ಹಿಡಿದರೆ 'ಓಕೆ' ಮತ್ತು ಕೈಮುಗಿಯುವ ಎಮೋಜಿ ಬಿಟ್ಟು ಏನೂ ಉಳಿಯದೆಂಬ ಆಕ್ಷೇಪ ಬರಬಹುದು. ಬಹುತೇಕ ಗ್ರೂಪುಗಳಲ್ಲಿ ಈಗ ಉಳಿದಿರುವುದು ಅವೆರಡೇ ಎಂಬುದು ಆಕ್ಷೇಪವಲ್ಲ, ವಿಧಿಯ ಸಿಂಧುತ್ವಕ್ಕೆ ಸಾಕ್ಷಿ. ಸಾವಿಗೂ ಬಡ್ತಿಗೂ ಮೇಂಟೆನೆನ್ಸ್ ಬಾಕಿಗೂ ಒಂದೇ ಸಮನೆ ಒದಗುವ ಆ ಮುಗಿದ ಕೈಗಳಲ್ಲಿ ಅರಸಿಕನಿಗೂ ಹಿಡಿಯಲು ತುದಿ ಸಿಗುವುದಿಲ್ಲ.

ಕೊನೆಗೆ ಒಂದು ತೊಡಕು. ಯಾವ ಶಾಸ್ತ್ರಕ್ಕಾದರೂ ಅಧಿಕಾರಿ ಬೇಕು, ಅಂದರೆ ಅದನ್ನು ಓದಲು ತಕ್ಕವನು. ವಿಚಾರ ಹೊರಡುವುದು ಸಂಶಯದಿಂದ ಎನ್ನುತ್ತಾರೆ ನೈಯಾಯಿಕರು. ಕಳಿಸಲೋ ಬೇಡವೋ ಎಂಬ ಸಂಶಯ ಉಳ್ಳವನು ನಾಲ್ಕು ಸಲ ಓದಿ, ಅಳಿಸಿ, ಸುಮ್ಮನಾಗುತ್ತಾನೆ. ಅವನಿಗೆ ಶಾಸ್ತ್ರ ಅನಗತ್ಯ. ಶಾಸ್ತ್ರ ಅಗತ್ಯವಿರುವವನಿಗೆ ಸಂಶಯವೇ ಹುಟ್ಟುವುದಿಲ್ಲ. ಅವನು ಕಳಿಸಿ ಆಗಿದೆ. ಹಾಗಾಗಿ ಈ ಪ್ರಬಂಧ ಓದುವವರಿಗೆ ಬೇಡದ್ದು, ಬೇಕಾದವರು ಓದದ್ದು. ಆದರೂ ಓದಿದ ಪ್ರತಿಯೊಬ್ಬರಿಗೂ ಇದು ತುರ್ತಾಗಿ ಬೇಕಾಗಿರುವ ಇನ್ನೊಬ್ಬರ ಹೆಸರು ಈಗಾಗಲೇ ಹೊಳೆದಿರುತ್ತದೆ. ಅವರಿಗೆ ಕಳಿಸಿಕೊಡುವುದಕ್ಕೆ ಅಡ್ಡಿಯಿಲ್ಲ. ಭಾರತದಲ್ಲಿ 2018ರಿಂದ ಒಂದು ಸಲಕ್ಕೆ ಐದು ಕಡೆ ಫಾರ್ವರ್ಡ್ ಮಾಡಬಹುದು. ಆದರೆ ಈ ಪ್ರಬಂಧ ತಮಗೇ ಏಕೆ ಬಂತೆಂದು ಆ ಇನ್ನೊಬ್ಬರು ತಮ್ಮ ಮನೆಯವರೆದುರು ಗಟ್ಟಿಯಾಗಿ ಕೇಳುತ್ತಿರುವುದನ್ನು, ವಿಧಿಯ ಪ್ರಕಾರ, ಮೊದಲು ಒಮ್ಮೆ ಕಲ್ಪಿಸಿಕೊಳ್ಳತಕ್ಕದ್ದು.