ಭೂತದ ಮೇಲೆ ಎಫ್‌ಐಆರ್

ನಮ್ಮ ಭಾವ ಪತ್ತೇದಾರಿ ಕಾದಂಬರಿ ಬರೆಯಲು ಕೂತಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಾಲು ಸಾಲು ಭೀಕರ ಕೊಲೆ. ಮಾಡುವುದು ಒಂದು ಭೂತ. ನಾಲ್ಕನೇ ಕ್ಲಾಸು ಓದಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಿಂದ ಶುರುಮಾಡಿ 500ಕ್ಕೂ ಮಿಕ್ಕಿ ಕಾದಂಬರಿ ಬರೆದಿರುವಾಗ ಎಂ.ಕಾಂ. ಮುಗಿಸಿದ ತನಗೇನು ಧಾಡಿ ಎಂಬುದು ಅವರ ವಾದ.

ಧಾಡಿ ಇರುವುದು ಊರಿಗೆ. ಬೇರೆ ಕಡೆ ನಡುರಾತ್ರಿ ಮುಖಕ್ಕೆ ಅರದಾಳ ಬಳಿದು, ಕಾಲಿಗೆ ಗಗ್ಗರ ಕಟ್ಟಿ, ಕತ್ತಿ ಹಿಡಿದು ಯಾರಾದರೂ ಅಬ್ಬರಿಸಿದರೆ ಜನ ಓಡಿಯಾರು. ಇಲ್ಲಿ ಭೂತವೆಂದರೆ ದೈವ; ಕೋಲ ನೋಡಲು ಕುರ್ಚಿ ಎಳೆದು ಕೂರುತ್ತಾರೆ. ಗಂಧ ಪ್ರಸಾದ ತೆಗೆದುಕೊಳ್ಳುವಾಗ ಅಣ್ಣತಮ್ಮಂದಿರ ಜಾಗದ ತಕರಾರನ್ನೂ ಅರಿಕೆ ಮಾಡಿಬಿಡುತ್ತಾರೆ. ಮನೆಯಲ್ಲಿ ಕಳವಾದರೆ ಠಾಣೆಗೆ ಹೋಗುವ ಮೊದಲೇ ಪಣೋಲಿಬೈಲಿನ ಕಲ್ಲುರ್ಟಿ ದೈವಕ್ಕೆ ಕೋಳಿಯೂಟದ ಅಗೆಲು ಹರಕೆ ಹೇಳಿ ಆಗಿರುತ್ತದೆ. ಪತ್ತೇದಾರನ ಕೆಲಸವನ್ನು ಇಷ್ಟು ವರ್ಷಗಳಿಂದ ಮಾಡಿಕೊಂಡು ಬಂದ ದೈವವನ್ನೇ ಕೊಲೆಗಾರ ಮಾಡುವುದೆಂದರೆ!

"ಮೂರನೇ ಕೊಲೆ ಯಾವಾಗ ಭಾವ?"

"ಜುಲೈಯಲ್ಲಿ. ಜಡಿಮಳೆ, ಕರೆಂಟಿಲ್ಲ."

"ಪತ್ತನಾಜೆ ಕಳೆದ ಮೇಲೆ ಎಂತ ಭೂತ?"

ಭಾವನ ಪೆನ್ನು ನಿಂತಿತು. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಹೊತ್ತಿಗೆ, ಗಗ್ಗರ ಒಳಗಿಟ್ಟರೆ ಮತ್ತೆ ಕೋಲ, ನೇಮ ಎಲ್ಲ ಮಳೆಗಾಲ ಮುಗಿದ ಮೇಲೆಯೇ. ಕೊಲೆಯಾದ ದಿನ ಆರೋಪಿ ರಜೆಯಲ್ಲಿದ್ದ!

ಇನ್ನೊಂದು ಹೆಣವನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಬೀಳಿಸಿದ್ದರು. 1430ರಿಂದ ಇರುವೆಗೂ ನೋವಾಗಬಾರದ ಜಾಗ. ಹೆಣ ಬಸ್‌ಸ್ಟ್ಯಾಂಡಿಗೆ ವರ್ಗವಾಯಿತು.

"ಕತೆ ಬೇಕಾದ್ರೆ ಕಲ್ಕುಡನದ್ದೇ ಉಂಟಲ್ಲ ಮಾರಾಯ," ಎಂದರು ಅತ್ತೆ, ತೆಂಗಿನಕಾಯಿ ತುರಿಯುತ್ತಾ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಬೀರ ಕಲ್ಕುಡ ಇನ್ನೊಂದು ಕಡೆ ಅಂಥದ್ದನ್ನು ಮಾಡಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಹಟ ಬಿಡದ ಅವನು ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿಗೆ ಸಿಟ್ಟು ನೆತ್ತಿಗೇರಿತು. ಅಣ್ಣ ತಂಗಿ ಇಬ್ಬರೂ ಮಾಯವಾಗಿ, ದೈವಗಳಾಗಿ, ಅರಸನಿಗೆ ನಿದ್ದೆ ಇಲ್ಲದಂತೆ ಮಾಡಿದರು. ಪಾಡ್ದನ ಹೇಳುವವರಿಗೆ ಇದು ಬಾಯಿಪಾಠ.

ಪತ್ತೇದಾರಿ ಬುದ್ಧಿ ಭಾವನಲ್ಲಿ ಆಗ ಜಾಗೃತವಾಯಿತು. "ಕಾರ್ಕಳದ್ದು 1432, ವೇಣೂರಿನದ್ದು 1604. ನಡುವೆ 172 ವರ್ಷ! ಒಂದು ಕೈಯ ಶಿಲ್ಪಿ ಅಷ್ಟು ಕಾಲ ಬದುಕಿದ್ದ?"

"ಭೂತ ಅಂದ ಮೇಲೆ ನಿನ್ನದೆಂತ ವಯಸ್ಸಿನ ಲೆಕ್ಕ?" ಅತ್ತೆ ತಲೆ ಎತ್ತಲಿಲ್ಲ.

ಈಗ ಕಾದಂಬರಿ ತಿದ್ದುಪಡಿಯಾಗಿದೆ. ಅಪರಾಧ ಅರಸನದ್ದು, ಫಿರ್ಯಾದಿ ತಂಗಿ, ತೀರ್ಪು ದೈವದ್ದು. ಪತ್ತೇದಾರನಿಗೆ ಅಗೆಲಿನ ಊಟ ಮಾತ್ರ. ಪ್ರಕಟಿಸುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂಗಡ ಬೇಡ, ಹರಕೆಯ ಕೋಳಿಯ ಖರ್ಚು ಕೊಟ್ಟರೆ ಸಾಕು.